ದಣಿದ ತಲೆಗೂ ನಿಲುಕುವ ಮನೆಲೆಕ್ಕ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಉಡುಪಿಗೆ ಹೊರಡುವ ಸಂಜೆಯ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಆ ದಿನದ ಲಾಭ ಅಷ್ಟೇ. ಅಂದು ಸಿಕ್ಕಿತ್ತು. ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕ ಮುಗಿಸುವ ವಾರ. ಬೆಳಗ್ಗೆ ಒಂಬತ್ತರಿಂದ ಒಂದೇ ತಾಳೆಯಾಗದ ಮೊತ್ತದ ಹಿಂದೆ ಬಿದ್ದು, ಕೊನೆಗೂ ಅದು ಸಿಗದೆ ಎದ್ದು ಬಂದಿದ್ದೆ. ಮೂಲ್ಕಿ ದಾಟುವಾಗ ಮೊಬೈಲ್ ಸದ್ದು ಮಾಡಿತು. ಕ್ರೆಡಿಟ್ ಕಾರ್ಡಿನ ಬಿಲ್ 40,000 ರೂಪಾಯಿ, ಕನಿಷ್ಠ ಪಾವತಿ 2,000 ರೂಪಾಯಿ. ಪರದೆಯ ಮೇಲೆ ಎರಡು ಗುಂಡಿಗಳು. ಚಿಕ್ಕದನ್ನು ಒತ್ತಿದೆ. ಪಡುಬಿದ್ರಿ ಬರುವಷ್ಟರಲ್ಲಿ ನಿದ್ದೆ ಹತ್ತಿತ್ತು.

ಆ ಹೊತ್ತಿಗೆ ನನ್ನ ಉಳಿತಾಯ ಖಾತೆಯಲ್ಲಿ ಅರುವತ್ತು ಸಾವಿರ ರೂಪಾಯಿ ಇತ್ತು. ವರ್ಷಕ್ಕೆ ಶೇಕಡಾ ಮೂರರ ಆಸುಪಾಸಿನ ಬಡ್ಡಿಯಲ್ಲಿ ಅದು ಅಲ್ಲಿ ತಣ್ಣಗೆ ಮಲಗಿತ್ತು. ಕಾರ್ಡಿನ ಬಾಕಿಗೆ ನಾನು ಒಪ್ಪಿಕೊಂಡ ಬಡ್ಡಿ ತಿಂಗಳಿಗೆ ಶೇಕಡಾ ಮೂರೂವರೆ, ಅಂದರೆ ವರ್ಷಕ್ಕೆ 42. ಲೆಕ್ಕ ಬರೆಯುವುದೇ ನನ್ನ ಕಸುಬು. ಈ ಎರಡು ಸಂಖ್ಯೆಗಳ ವ್ಯತ್ಯಾಸವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಆದರೂ ಒತ್ತಿದೆ.

ಮನೆಯ ಹಣಕಾಸಿನ ಬಗ್ಗೆ ನಮಗೆ ಸಿಗುವ ಬುದ್ಧಿಮಾತುಗಳೆಲ್ಲ ತಿಳಿವಳಿಕೆ ಕಡಿಮೆ ಇರುವವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಂತಿರುತ್ತವೆ: ಬಜೆಟ್ ಬರೆಯಿರಿ, ಖರ್ಚು ಗುರುತು ಹಾಕಿ, ಹೋಲಿಸಿ ನೋಡಿ. ಇವನ್ನೆಲ್ಲ ಮಾಡಬೇಕಾದ ತಲೆ ಸಂಜೆ ಏಳೂವರೆಗೆ ಯಾವ ಸ್ಥಿತಿಯಲ್ಲಿರುತ್ತದೆ ಎಂಬುದು ಆ ಮಾತುಗಳ ಲೆಕ್ಕದಲ್ಲೇ ಇರುವುದಿಲ್ಲ. ಅಂದಿನ ಆ ಗುಂಡಿಯಿಂದ ನಾನು ಕಲಿತದ್ದು ಇಷ್ಟು: ಮನೆಯ ಲೆಕ್ಕವನ್ನು ನಮ್ಮ ಒಳ್ಳೆಯ ಬೆಳಗಿಗೆ ಹೊಂದುವಂತೆ ಬರೆದರೆ ಸಾಲದು, ಕೆಟ್ಟ ಸಂಜೆಗೂ ಅದು ತಡೆಯುವಂತಿರಬೇಕು.

ಎರಡು ಒಲೆಯ ಸ್ಟವ್

ಕೆಲಸದ ಒತ್ತಡ ಹಣದ ತೀರ್ಮಾನಗಳನ್ನು ಹೇಗೆ ಕೆಡಿಸುತ್ತದೆ? ಯೋಚನೆಗೆಂದು ತಲೆಯಲ್ಲಿರುವ ಜಾಗವನ್ನು ಎರಡು ಒಲೆಯ ಗ್ಯಾಸ್ ಸ್ಟವ್ ಎಂದು ಭಾವಿಸಿ. ಒಂದರ ಮೇಲೆ ಕಚೇರಿಯ ಪಾತ್ರೆ ಕುದಿಯುತ್ತಿದೆ: ಮ್ಯಾನೇಜರ್ ಹೇಳಿದ ಮಾತು, ಮುಟ್ಟದ ಟಾರ್ಗೆಟ್, ನಾಳೆಯ ರಾತ್ರಿ ಪಾಳಿ. ಕೆಲಸ ಮುಗಿದ ಮೇಲೂ ಅದು ಆರುವುದಿಲ್ಲ. ಉಳಿದ ಒಂದೇ ಒಲೆಯಲ್ಲಿ ಮಕ್ಕಳ ಶುಲ್ಕ, ಸಾಲದ ಕಂತು, ಅಮ್ಮನ ಔಷಧ, ನಾಳೆಯ ತಿಂಡಿ ಎಲ್ಲವೂ ಬೇಯಬೇಕು. ಏನಾದರೊಂದು ತಳ ಹಿಡಿಯದೆ ಇರದು.

ಇದು ಬರೀ ಉಪಮೆಯೇನಲ್ಲ. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಂಶೋಧಕರು ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಯೋಚನಾಶಕ್ತಿ ಅಳೆಯುವ ಪರೀಕ್ಷೆಗಳನ್ನು ಎರಡು ಸಲ ಕೊಟ್ಟರು. ಒಮ್ಮೆ ಕಟಾವಿಗೆ ಮುಂಚೆ, ಕೈ ಬರಿದಾಗಿದ್ದಾಗ. ಇನ್ನೊಮ್ಮೆ ಕಟಾವಾಗಿ ಹಣ ಕೈಸೇರಿದ ಮೇಲೆ. ಅದೇ ರೈತರು ಕಟಾವಿಗೆ ಮುಂಚೆ ಕಡಿಮೆ ಅಂಕ ಪಡೆದರು. ಅವರ ಬುದ್ಧಿ ಬದಲಾಗಿರಲಿಲ್ಲ, ಹಣದ ಚಿಂತೆ ಒಂದು ಒಲೆಯನ್ನು ಹಿಡಿದಿತ್ತು. ಅಲ್ಲಿ ಹಣದ ಚಿಂತೆ ಮಾಡಿದ ಕೆಲಸವನ್ನೇ ಸಂಬಳದವರ ಮನೆಯಲ್ಲಿ ಕಚೇರಿಯ ಚಿಂತೆ ಮಾಡುತ್ತದೆ ಎಂಬುದು ನನ್ನ ಅನುಭವ. ಆಮೇಲೆ ಎರಡು ಚಿಂತೆಗಳೂ ಕೈಕೈ ಹಿಡಿದುಕೊಂಡು ಸುತ್ತ ತಿರುಗುತ್ತವೆ. ಒತ್ತಡದಲ್ಲಿ ತಪ್ಪು ಒತ್ತುತ್ತೇವೆ, ಆ ತಪ್ಪಿನ ಬಡ್ಡಿ ಕಟ್ಟಲು ಹೆಚ್ಚುವರಿ ಪಾಳಿ ಒಪ್ಪುತ್ತೇವೆ, ಹೆಚ್ಚುವರಿ ಪಾಳಿಯಿಂದ ಇನ್ನಷ್ಟು ದಣಿಯುತ್ತೇವೆ.

ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ 'ಬರ್ನ್‌ಔಟ್' ಎಂಬುದನ್ನು ಕಾಯಿಲೆಯೆಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ಸೇರಿಸಿದೆ. ಅದಕ್ಕೆ ಹೇಳಿದ ಗುರುತುಗಳು ಮೂರು: ಶಕ್ತಿ ಬತ್ತಿಹೋದ ಭಾವ, ಕೆಲಸದಿಂದ ಮನಸ್ಸು ಸಿಡಿದು ದೂರ ಸರಿಯುವುದು, ಮಾಡುವ ಕೆಲಸದ ದಕ್ಷತೆ ಕುಗ್ಗುವುದು. ಮೂರನೆಯದನ್ನು ಮನೆಯ ಹಣಕಾಸಿಗೆ ಹಚ್ಚಿ ನೋಡಿ. ಕಚೇರಿಯಲ್ಲಿ ದಕ್ಷತೆ ಕುಗ್ಗಿದರೆ ಯಾರಾದರೂ ಗಮನಿಸಿ ಬೈಯುತ್ತಾರೆ. ಮನೆಯಲ್ಲಿ ಕುಗ್ಗಿದರೆ ಬೈಯುವವರಿಲ್ಲ, ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಸಣ್ಣ ಅಕ್ಷರದಲ್ಲಿ ನಮೂದಾಗುತ್ತದೆ ಅಷ್ಟೇ.

ನಾನು ಗಮನಿಸಿದಂತೆ ದಣಿದ ತಲೆ ಹಣದ ವಿಷಯದಲ್ಲಿ ಹೆಚ್ಚಾಗಿ ಮುಂದೂಡುತ್ತದೆ. ವಿಮೆಯ ಲಕೋಟೆ ಫ್ರಿಜ್ಜಿನ ಮೇಲೆ ತಿಂಗಳುಗಟ್ಟಲೆ ಬಿಚ್ಚದೆ ಕೂರುತ್ತದೆ. ಮುಂದೂಡಲು ಆಗದಿದ್ದರೆ ಸದ್ದು ನಿಲ್ಲಿಸುವ ದಾರಿ ಹುಡುಕುತ್ತದೆ. ಕನಿಷ್ಠ ಪಾವತಿ, ಸುಲಭ ಕಂತು, ಒಂದೇ ಒತ್ತಿಗೆ ಸಾಲ ಎಂಬ ಗುಂಡಿಗಳೆಲ್ಲ ಇರುವುದು ಆ ಕ್ಷಣಕ್ಕಾಗಿಯೇ. ಅವುಗಳನ್ನು ವಿನ್ಯಾಸ ಮಾಡಿದವರು ಚೆನ್ನಾಗಿ ನಿದ್ದೆ ಮಾಡಿ ಬಂದವರು ಎಂಬುದನ್ನು ಮರೆಯಬಾರದು.

ಎರಡಾಣೆಯ ಜಾಣತನ

ದಣಿದ ಮನುಷ್ಯನಿಗೆ ಹೊಂದುವ ಹಣಕಾಸು ವ್ಯವಸ್ಥೆಯ ಮಾದರಿ ಹುಡುಕಲು ನಾವು ಕರಾವಳಿಯವರು ಎಲ್ಲಿಗೂ ಹೋಗಬೇಕಾಗಿಲ್ಲ. ಈ ಎರಡು ಊರುಗಳು ಬ್ಯಾಂಕುಗಳನ್ನು ಹೆತ್ತ ಪರಿ ಎಲ್ಲರಿಗೂ ಗೊತ್ತಿರುವಂಥದ್ದೇ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದರು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರು ಕಾರ್ಪೊರೇಷನ್ ಬ್ಯಾಂಕ್ ಆರಂಭಿಸಿದರು. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್. ನನಗೆ ಇವೆಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವುದು 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ ಅವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದ ಸಂಸ್ಥೆ. ಕೈಮಗ್ಗದ ಕಸುಬು ನೆಲಕಚ್ಚಿದ್ದ ಕಾಲವದು. ನೇಕಾರರ ಕೈಗೆ ಒಂದಿಷ್ಟು ಹಣ ಸೇರಿಸುವುದು ಅದರ ಉದ್ದೇಶಗಳಲ್ಲಿ ಮುಖ್ಯವಾಗಿತ್ತು.

1928ರಲ್ಲಿ ಅವರು ಪಿಗ್ಮಿ ಠೇವಣಿ ತಂದರು. ದಿನಕ್ಕೆ ಎರಡಾಣೆ. ಬ್ಯಾಂಕಿನವನೇ ಮನೆಬಾಗಿಲಿಗೆ ಬಂದು ಪಡೆದು ಪುಸ್ತಕದಲ್ಲಿ ಬರೆದು ಹೋಗುವುದು. ಇಷ್ಟೇ ಯೋಜನೆ. ಇದನ್ನು ಬಡವರ ಉಳಿತಾಯ ಎಂದು ಹೇಳಿ ಮುಗಿಸುವುದು ವಾಡಿಕೆ. ನನಗೆ ಅದರಲ್ಲಿ ಕಾಣುವುದು ಮನುಷ್ಯನ ದಣಿವಿನ ಬಗೆಗಿನ ತಿಳಿವಳಿಕೆ. ದಿನವಿಡೀ ಮಗ್ಗದ ಮುಂದೆ ಕುಳಿತವನು ಸಂಜೆ ಬ್ಯಾಂಕಿಗೆ ನಡೆದು ಹೋಗಲಾರ, ಎಷ್ಟು ಉಳಿಸಲಿ ಎಂದು ಯೋಚಿಸಲಾರ, ತಿಂಗಳ ಕೊನೆಯವರೆಗೆ ಕೈಯಲ್ಲಿ ಹಣ ಹಿಡಿದಿಡಲಾರ. ಆದ್ದರಿಂದ ಹೋಗುವ ಕೆಲಸ ಬ್ಯಾಂಕಿನದಾಯಿತು, ಮೊತ್ತ ಮೊದಲೇ ನಿಗದಿಯಾಯಿತು, ಹಣ ಇನ್ನೊಂದು ದಾರಿ ಹಿಡಿಯುವ ಮೊದಲೇ ಕೈಬಿಟ್ಟಿತು.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ಸಂಜೆ ಪಿಗ್ಮಿಯವರು ಅಂಗಳಕ್ಕೆ ಬಂದಾಗ ಬೀಡಿಯ ಮೊರದಿಂದ ಕಣ್ಣು ಎತ್ತದೆಯೇ ಸೆರಗಿನ ಗಂಟಿನಿಂದ ನೋಟು ತೆಗೆದು ಕೊಡುತ್ತಿದ್ದರು. ಬೀಡಿಯ ಲೆಕ್ಕ ತಪ್ಪುತ್ತಿರಲಿಲ್ಲ, ಉಳಿತಾಯವೂ ತಪ್ಪುತ್ತಿರಲಿಲ್ಲ. ನಾನು ಕಾಮರ್ಸ್ ಪದವಿ ಮುಗಿಸಿದ್ದು ಆ ಪುಸ್ತಕದ ಹಣದಲ್ಲಿ. ಓದಿದ ಮೇಲೆ ಆ ಉಪಾಯವನ್ನು ಮಾತ್ರ ಮರೆತೆ.

ಪಿಗ್ಮಿಯನ್ನು ಈಗ ಹಾಗೆಯೇ ಹಿಡಿದುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅದರ ಬಡ್ಡಿ ಕಡಿಮೆ, ಅವಧಿಗೆ ಮುಂಚೆ ಬಿಡಿಸಿದರೆ ಕಡಿತವುಂಟು. ಕಟ್ಟುವುದಾದರೆ ಎಲ್ಲಿ ಕಟ್ಟುತ್ತಿದ್ದೀರಿ ಎಂಬುದೂ ಮುಖ್ಯ. ಸಹಕಾರಿ ಬ್ಯಾಂಕ್ ಸೇರಿದಂತೆ ಬ್ಯಾಂಕುಗಳಲ್ಲಿ ಒಬ್ಬ ಠೇವಣಿದಾರನ 5 ಲಕ್ಷ ರೂಪಾಯಿವರೆಗಿನ ಮೊತ್ತಕ್ಕೆ ಠೇವಣಿ ವಿಮೆಯ ರಕ್ಷಣೆ ಇದೆ. 2020ರ ಫೆಬ್ರವರಿಗೆ ಮುಂಚೆ ಈ ಮಿತಿ ಒಂದು ಲಕ್ಷವಿತ್ತು. ಪತ್ತಿನ ಸಹಕಾರಿ ಸಂಘಗಳಲ್ಲಿ ಇಟ್ಟ ಹಣ ಈ ವಿಮೆಗೆ ಒಳಪಡುವುದಿಲ್ಲ. ನಮ್ಮ ಜಿಲ್ಲೆಗಳಲ್ಲಿ ಬೀದಿಗೊಂದರಂತೆ ಇಂಥ ಸಂಘಗಳಿವೆ, ಹೆಚ್ಚಿನವು ಚೆನ್ನಾಗಿಯೇ ನಡೆಯುತ್ತಿವೆ. ಆದರೂ ಬೋರ್ಡಿನ ಮೇಲೆ 'ಬ್ಯಾಂಕ್' ಎಂದಿದೆಯೋ 'ಸಂಘ' ಎಂದಿದೆಯೋ ಎಂದು ಒಮ್ಮೆ ತಲೆಯೆತ್ತಿ ನೋಡುವುದರಿಂದ ನಷ್ಟವಿಲ್ಲ.

ನಾನು ಎತ್ತಿಕೊಂಡಿದ್ದು ಅದರ ಉಪಾಯವನ್ನು. ಸಂಬಳ ಬೀಳುವ ಮರುದಿನವೇ ಕಂತು, ವಿಮೆ, ಆವರ್ತ ಠೇವಣಿ ಎಲ್ಲವೂ ತಾವಾಗಿ ಕಡಿತವಾಗುವಂತೆ ಬರೆದುಕೊಟ್ಟೆ. ಕಾರ್ಡಿಗೂ ಪೂರ್ಣ ಮೊತ್ತದ ಸ್ವಯಂಪಾವತಿ ಹಾಕಿದೆ. 'ಪೂರ್ಣ' ಎಂಬ ಆಯ್ಕೆಯನ್ನು ನೋಡಿ ಗುರುತು ಹಾಕಬೇಕು, 'ಕನಿಷ್ಠ' ಎಂಬುದೂ ಅಲ್ಲೇ ಪಕ್ಕದಲ್ಲಿ ಕಾದಿರುತ್ತದೆ. ಬಿಲ್ಲಿನ ದಿನಾಂಕ ಸಂಬಳದ ದಿನಾಂಕಕ್ಕೆ ಹೊಂದದಿದ್ದರೆ ಬಿಲ್ಲಿಂಗ್ ಅವಧಿಯನ್ನು ಒಮ್ಮೆಯಾದರೂ ಬದಲಿಸಿಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಈ ಬದಲಾವಣೆಗಳಿಗೆ ಒಂದು ಭಾನುವಾರದ ಬೆಳಗು ಸಾಕಾಯಿತು. ದಿನಬಳಕೆಯ ಹಣವನ್ನು ಇನ್ನೊಂದು ಖಾತೆಗೆ ಹಾಕಿ, ಮೊಬೈಲಿನ ಪಾವತಿ ಆ್ಯಪ್‌ಗೆ ಆ ಖಾತೆಯನ್ನು ಮಾತ್ರ ಜೋಡಿಸಿದೆ. ಅದರಲ್ಲಿ ಇದ್ದಷ್ಟೇ ಖರ್ಚು. ಯೋಚಿಸಬೇಕಾದ ತೀರ್ಮಾನಗಳು ತಿಂಗಳಿಗೆ ಹತ್ತಿಪ್ಪತ್ತು ಇದ್ದದ್ದು ಎರಡು ಮೂರಕ್ಕೆ ಇಳಿದವು.

ದಣಿವಿಗೂ ಒಂದು ಸಾಲು

ಆ ಭಾನುವಾರ ಇನ್ನೊಂದು ಸಂಗತಿಯೂ ಬಯಲಾಯಿತು. ಹೆಂಡತಿ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ, ವಾರ ಬಿಟ್ಟು ವಾರ ರಾತ್ರಿ ಪಾಳಿ. ಇಬ್ಬರ ಕೈಗೆ ಸಿಗುವ ಸಂಬಳ ಸೇರಿ 84,000 ರೂಪಾಯಿ. ಕಾಗದದ ಮೇಲೆ ಬರೆದದ್ದು: ಮನೆ ಸಾಲದ ಕಂತು 26,000, ಅಡುಗೆಮನೆ 16,000, ಬಸ್ಸು ಮತ್ತು ಸ್ಕೂಟರ್ 5,500, ಶಾಲೆ 4,000, ವಿದ್ಯುತ್, ಫೋನ್, ಗ್ಯಾಸ್ 3,500, ಅಮ್ಮನ ಔಷಧ 3,000, ವಿಮೆ 2,500. ಮದುವೆ, ಗೃಹಪ್ರವೇಶ, ಊರಿನ ನೇಮ, ದೇವಸ್ಥಾನದ ಬ್ರಹ್ಮಕಲಶದ ವಂತಿಗೆ ಇತ್ಯಾದಿಗಳಿಗೆ ಸರಾಸರಿ 4,000. (ಡಿಸೆಂಬರಿನಿಂದ ಮೇ ತನಕ ಈ ಸಾಲು ದುಪ್ಪಟ್ಟಾಗುತ್ತದೆ, ಮಳೆಗಾಲದಲ್ಲಿ ಬಹುತೇಕ ಸೊನ್ನೆ. ಕರಾವಳಿಯವರಿಗೆ ಇದನ್ನು ವಿವರಿಸಬೇಕಿಲ್ಲ.) ಒಟ್ಟು 64,500. ಉಳಿಯಬೇಕಾದದ್ದು 19,500, ನಿಜದಲ್ಲಿ ಉಳಿಯುತ್ತಿದ್ದುದು ಐದಾರು ಸಾವಿರ.

ಹಾಗಾದರೆ ಹದಿಮೂರು, ಹದಿನಾಲ್ಕು ಸಾವಿರ ಎಲ್ಲಿ ಹೋಯಿತು? ಮೂರು ತಿಂಗಳ ಸ್ಟೇಟ್‌ಮೆಂಟ್ ಮುಂದಿಟ್ಟು ಇಬ್ಬರೂ ಪೆನ್ಸಿಲ್ ಹಿಡಿದು ಕುಳಿತೆವು. ರಾತ್ರಿ ಪಾಳಿ ಮುಗಿದ ಬೆಳಗುಗಳ ನೀರುದೋಸೆ ಪಾರ್ಸೆಲ್, ಕೊನೆಯ ಬಸ್ ತಪ್ಪಿದ ದಿನಗಳ ಆಟೋ, ರಾತ್ರಿ ಹನ್ನೊಂದಕ್ಕೆ ಮಲಗಿಕೊಂಡೇ ತರಿಸಿದ ಸಾಮಾನುಗಳು, ದಿನಾಂಕ ಮೀರಿ ಕಟ್ಟಿದ ದಂಡ, ಯಾರೂ ನೋಡದ ಎರಡು ಓಟಿಟಿ ಚಂದಾ, ವರ್ಷದ ಹಿಂದೆ ಸೇರಿ ನಾಲ್ಕು ದಿನ ಹೋದ ಜಿಮ್. ಒಂದೊಂದೂ ಚಿಕ್ಕದು. ಎಲ್ಲದರ ತಾಯಿಬೇರು ಒಂದೇ, ದಣಿವು.

ಇಲ್ಲಿ ಹೆಚ್ಚಿನ ಬುದ್ಧಿವಾದಿಗಳು ಪಾರ್ಸೆಲ್ ನಿಲ್ಲಿಸಿ ಎನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಹನ್ನೆರಡು ಗಂಟೆ ನಿಂತು ಕೆಲಸ ಮಾಡಿ ಬಂದವಳು ಅಕ್ಕಿ ಅರೆದು ದೋಸೆ ಹೊಯ್ಯಬೇಕೆಂದು ಹೇಳುವ ಬಜೆಟ್ ಬಜೆಟ್ಟೇ ಅಲ್ಲ, ಶಿಕ್ಷೆ. ನಾವು ದಣಿವಿಗೂ ಒಂದು ಸಾಲು ಬರೆದೆವು: ತಿಂಗಳಿಗೆ 6,000 ರೂಪಾಯಿ. ಪಾರ್ಸೆಲ್, ಆಟೋ, ಮನೆ ಒರೆಸಲು ವಾರಕ್ಕೆರಡು ದಿನ ಬರುವ ಅಕ್ಕನ ಸಂಬಳ ಎಲ್ಲವೂ ಅದರಲ್ಲಿ. ಹೆಸರಿಟ್ಟು ಖರ್ಚು ಮಾಡಿದಾಗ ಮನಸ್ಸಿಗೆ ಚುಚ್ಚುವುದಿಲ್ಲ, ಮಿತಿಯೂ ತಾನಾಗಿ ಬರುತ್ತದೆ. ಚಂದಾಗಳನ್ನು ಅಂದೇ ರದ್ದು ಮಾಡಿದೆವು. ರಾತ್ರಿ ತರಿಸಿಕೊಳ್ಳುವ ಸಾಮಾನಿಗೆ ಹೆಂಡತಿ ಒಂದು ಉಪಾಯ ಹೇಳಿದಳು: ಬುಟ್ಟಿಗೆ ಹಾಕು, ಹಣ ಕೊಡುವುದು ಬೆಳಗ್ಗೆ. ಬೆಳಗ್ಗೆ ನೋಡಿದರೆ ಅರ್ಧದಷ್ಟು ಸಾಮಾನು ಯಾಕೆ ಬೇಕಿತ್ತೆಂದೇ ನೆನಪಾಗುವುದಿಲ್ಲ.

ಸಾಲಗಳನ್ನು ಸಾಲಾಗಿ ನಿಲ್ಲಿಸುವುದು

ಒತ್ತಡದಲ್ಲಿರುವವನಿಗೆ ಎಲ್ಲ ಸಾಲವೂ ಒಂದೇ ಗಾತ್ರದ ಭೂತವಾಗಿ ಕಾಣುತ್ತದೆ. ಕಾಗದಕ್ಕೆ ಇಳಿಸಿದರೆ ಅವುಗಳ ಎತ್ತರ ಬೇರೆಬೇರೆ.

ಕಾರ್ಡಿನಿಂದ ಆರಂಭಿಸೋಣ. 40,000 ರೂಪಾಯಿ ಬಾಕಿಗೆ ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ 1,400. ಆ ಬಡ್ಡಿಯ ಮೇಲೆ ಶೇಕಡಾ 18 ಜಿಎಸ್‌ಟಿ 252. ನೀವು ಕಟ್ಟುವ ಕನಿಷ್ಠ ಮೊತ್ತ 2,000ದಲ್ಲಿ 1,652 ಹೀಗೆ ಹೋದರೆ ಅಸಲಿನಿಂದ ಇಳಿಯುವುದು 348 ರೂಪಾಯಿ. ಇನ್ನೊಂದು ಪೆಟ್ಟು ಕಣ್ಣಿಗೆ ಬೀಳುವುದಿಲ್ಲ. ಪೂರ್ತಿ ಕಟ್ಟದಿದ್ದರೆ ಬಡ್ಡಿರಹಿತ ಅವಧಿಯ ಸೌಲಭ್ಯವೇ ಹೋಗುತ್ತದೆ, ಮರುದಿನ ಕೊಂಡ ಹಾಲಿನ ಪ್ಯಾಕೆಟ್ಟಿಗೂ ಕೊಂಡ ದಿನದಿಂದಲೇ ಬಡ್ಡಿ ಬೆಳೆಯುತ್ತದೆ. ದಿನಾಂಕ ಮರೆತವರಿಗೆ ಒಂದು ಸಣ್ಣ ಸಮಾಧಾನವುಂಟು: ಕೊನೆಯ ದಿನಾಂಕ ಕಳೆದು ಮೂರು ದಿನಕ್ಕಿಂತ ಹೆಚ್ಚು ತಡವಾದರೆ ಮಾತ್ರ ವಿಳಂಬ ಶುಲ್ಕ ಹಾಕಬಹುದು ಎನ್ನುತ್ತದೆ ರಿಸರ್ವ್ ಬ್ಯಾಂಕ್.

ಇನ್ನು ಚಿನ್ನ. ಒಡವೆ ಅಡವಿಡುವುದೆಂದರೆ ಮಾನ ಹೋದಂತೆ ಎಂದುಕೊಂಡು ವರ್ಷಕ್ಕೆ 42ರ ಬಡ್ಡಿಯನ್ನು ಗುಟ್ಟಾಗಿ ಕಟ್ಟುತ್ತಿರುವವರನ್ನು ಕಂಡಿದ್ದೇನೆ. ಬ್ಯಾಂಕಿನ ಚಿನ್ನಾಭರಣ ಸಾಲ ಸಾಮಾನ್ಯವಾಗಿ ವರ್ಷಕ್ಕೆ 9ರಿಂದ 12ರೊಳಗೆ ಸಿಗುತ್ತದೆ. ಕಪಾಟಿನ ಬಳೆ ಆರು ತಿಂಗಳು ಲಾಕರಿನಲ್ಲಿದ್ದು ಕಾರ್ಡಿನ ಬಾಕಿ ತೀರಿಸುವುದಾದರೆ ಅದು ಶುದ್ಧ ಲೆಕ್ಕ. ಆದರೆ ಬಿಡಿಸುವ ತಿಂಗಳನ್ನು ಅಡವಿಡುವ ದಿನವೇ ಬರೆದಿಡಬೇಕು. ಬಡ್ಡಿ ಮಾತ್ರ ಕಟ್ಟಿ ವರ್ಷ ವರ್ಷ ನವೀಕರಿಸುತ್ತ ಹೋದ ಒಡವೆ ಹರಾಜಿನ ಜಾಹೀರಾತಿನಲ್ಲಿ ಬಂದದ್ದೂ ಇದೆ.

ಮನೆ ಸಾಲ ನೋಡಲು ದೊಡ್ಡದು, ಬೆದರಿಕೆಯಲ್ಲಿ ಚಿಕ್ಕದು. 30 ಲಕ್ಷಕ್ಕೆ ಶೇಕಡಾ 8.5ರಂತೆ 20 ವರ್ಷಕ್ಕೆ ಕಂತು 26,035 ರೂಪಾಯಿ. ಕೊನೆಗೆ ಕಟ್ಟುವ ಒಟ್ಟು ಮೊತ್ತ 62 ಲಕ್ಷಕ್ಕೂ ಹೆಚ್ಚು. ಬೋನಸ್ ಬಂದಾಗ ವರ್ಷಕ್ಕೊಂದು ಹೆಚ್ಚುವರಿ ಕಂತು ಅಸಲಿಗೆ ಕಟ್ಟಿದರೆ ಸಾಲ ಅವಧಿಗಿಂತ ಮೂರು ವರ್ಷಕ್ಕೂ ಹೆಚ್ಚು ಮುಂಚೆ ಮುಗಿಯುತ್ತದೆ. ವ್ಯಕ್ತಿಗಳು ಮನೆಗಾಗಿ ಪಡೆದ ಬದಲಾಗುವ ಬಡ್ಡಿಯ ಸಾಲಕ್ಕೆ ಮುಂಗಡ ಪಾವತಿಯ ದಂಡವಿಲ್ಲ. ಬಡ್ಡಿ ಏರಿದಾಗ ಬ್ಯಾಂಕುಗಳು ಕಂತನ್ನು ಹಾಗೆಯೇ ಇಟ್ಟು ಅವಧಿಯನ್ನು ಸದ್ದಿಲ್ಲದೆ ಹಿಗ್ಗಿಸುವುದುಂಟು. ಕಂತು ಏರಿಸುವುದೋ ಅವಧಿ ಹೆಚ್ಚಿಸುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೆ ಕೊಡಬೇಕೆಂದು 2023ರಲ್ಲಿ ರಿಸರ್ವ್ ಬ್ಯಾಂಕ್ ಹೇಳಿದೆ. ಕೇಳಿದರೆ ಕೊಡುತ್ತಾರೆ. ಕೇಳಲು ಒಂದು ಒಲೆ ಖಾಲಿ ಇರಬೇಕು, ಅಷ್ಟೇ.

ವಾರದ ಕಂತಿನ ಕಿರುಸಾಲಗಳ ಮಾತು ಬೇರೆ. ಮೊತ್ತ ಚಿಕ್ಕದಾದರೂ ಪ್ರತಿ ವಾರವೂ ನೆರೆಮನೆಯವರ ಎದುರು ನಡೆಯುವ ಪರೀಕ್ಷೆಯಾದ್ದರಿಂದ ಮನಸ್ಸಿನ ಮೇಲೆ ಅದರ ಭಾರ ಹೆಚ್ಚು. ವಾರ್ಷಿಕ ಆದಾಯ 3 ಲಕ್ಷದೊಳಗಿರುವ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ಮಾಸಿಕ ಆದಾಯದ ಅರ್ಧವನ್ನು ಮೀರುವಂತೆ ಹೊಸ ಕಿರುಸಾಲ ಕೊಡಬಾರದೆಂದು 2022ರಿಂದ ನಿಯಮವಿದೆ. ಈ ಸಾಲಗಳ ವಸೂಲಿಗೆ ಬೆಳಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ನಂತರ ಬರುವಂತಿಲ್ಲ. ಬೇರೆ ಸಾಲಗಳಿಗೆ ಬೆಳಗ್ಗೆ ಎಂಟರಿಂದ ಸಂಜೆ ಏಳರ ಒಳಗಷ್ಟೇ ಕರೆ ಮಾಡಬಹುದು. ಕಚೇರಿಯಲ್ಲಿ ಬೈಸಿಕೊಂಡು ಬಂದ ರಾತ್ರಿ ಒಂಬತ್ತಕ್ಕೆ ವಸೂಲಿಯವನ ಫೋನ್ ಬಂದರೆ ಅದನ್ನು ಎತ್ತಬೇಕಾದ ಋಣ ನಿಮಗಿಲ್ಲ. ಕರೆಯ ಸಮಯ ಬರೆದಿಟ್ಟು ಬ್ಯಾಂಕಿಗೆ ಲಿಖಿತ ದೂರು ಕೊಡಿ.

ಆಟಿಯ ಮಡಕೆ

ಕರಾವಳಿಯ ಜನರಿಗೆ ಆದಾಯ ನಿಲ್ಲುವುದೆಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ, 61 ದಿನ ಆ ಮನೆಗಳಿಗೆ ಸಮುದ್ರದ ದುಡ್ಡಿಲ್ಲ. ಇನ್ನೂ ಹಿಂದೆ ಹೋದರೆ ತುಳುನಾಡಿನ ಆಷಾಢವಾದ ಆಟಿ ತಿಂಗಳು. ಗದ್ದೆ ಕೆಲಸ ಮುಗಿದು, ಪತ್ತಾಯದ ಭತ್ತ ತಳ ಕಂಡು, ಮಳೆ ಬಿಡದೆ ಸುರಿಯುವ ದಿನಗಳು. ಅದಕ್ಕೆಂದೇ ಬೇಸಗೆಯಲ್ಲಿ ಹಲಸಿನ ತೊಳೆಯನ್ನು ಉಪ್ಪು ಹಾಕಿ ಮಡಕೆಯಲ್ಲಿ ತುಂಬಿಡುತ್ತಿದ್ದರು, ಹಪ್ಪಳ ಒಣಗಿಸುತ್ತಿದ್ದರು, ಹಲಸಿನ ಬೀಜವನ್ನು ಬೇಯಿಸಿ ಒಣಗಿಸಿಡುತ್ತಿದ್ದರು. ಆಟಿ ಬರುತ್ತದೋ ಇಲ್ಲವೋ ಎಂಬ ಪ್ರಶ್ನೆ ಅವರಿಗಿರಲಿಲ್ಲ, ಎಷ್ಟು ಮಡಕೆ ಬೇಕು ಎಂಬುದೊಂದೇ ಇತ್ತು.

ತಿಂಗಳ ಸಂಬಳದ ನಮಗೆ ಆ ಪ್ರಶ್ನೆಯೇ ಹೊಳೆಯುವುದಿಲ್ಲ. ಸಂಬಳ ನಿಂತರೆ ಮನೆ ಎಷ್ಟು ತಿಂಗಳು ನಡೆಯುತ್ತದೆ? ಇದಕ್ಕೆ ಪೂರ್ತಿ ಖರ್ಚಿನ ಲೆಕ್ಕ ಬೇಡ, ಗಂಜಿಯೂಟದ ಲೆಕ್ಕ ಸಾಕು. ಬಿಡಲಾಗದ ಕಂತು, ಅಕ್ಕಿ, ಔಷಧ, ಶಾಲೆ, ವಿಮೆ. ನಮ್ಮ ಮನೆಗೆ ಅದು 52,000 ರೂಪಾಯಿ. ಮೂರು ತಿಂಗಳಿಗೆ 1,56,000. ದಿನಕ್ಕೆ 200 ರೂಪಾಯಿಯ ಪಿಗ್ಮಿಯಂತೆ ತಿಂಗಳಿಗೆ 6,000 ಎತ್ತಿಟ್ಟರೆ 26 ತಿಂಗಳು ಬೇಕು. ಎರಡು ವರ್ಷ ಎಂದು ಕೇಳಿ ನಾನೂ ಮೊದಲು ನಿಟ್ಟುಸಿರು ಬಿಟ್ಟೆ. ಆದರೆ ಮಡಕೆಯ ಗುಣವೇ ಬೇರೆ, ಅದು ತುಂಬುವ ಮೊದಲೇ ಕೆಲಸ ಮಾಡತೊಡಗುತ್ತದೆ. ಒಂದು ತಿಂಗಳ ಗಂಜಿ ಕೂಡಿದ ಮೇಲೆ ಮ್ಯಾನೇಜರ್ ಶನಿವಾರ ಸಂಜೆ ಕೆಲಸ ಹೇಳಿದಾಗ "ಸರ್, ಸೋಮವಾರ ಮಾಡಿಕೊಡುತ್ತೇನೆ" ಎಂಬ ಮಾತು ನನ್ನ ಬಾಯಿಂದ ಹೊರಟಿತು. ಅದಕ್ಕೂ ಹಿಂದಿನ ಹದಿನಾರು ವರ್ಷ ಹೊರಟಿರಲಿಲ್ಲ. ಆಕಾಶ ಬೀಳಲಿಲ್ಲ, ಅವರು "ಆಯಿತು" ಎಂದು ಫೋನ್ ಇಟ್ಟರು.

ಕೆಲಸವನ್ನೇ ಬಿಡಬೇಕು ಎನಿಸುವಷ್ಟು ಒತ್ತಡವಿದ್ದರೆ ರಾಜೀನಾಮೆಗೆ ಮುಂಚೆ ನೋಡಬೇಕಾದ ಸಂಗತಿಗಳು ಎರಡು. ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದೊಂದಿಗೇ ಮುಗಿಯುತ್ತದೆ. ಸ್ವಂತ ಪಾಲಿಸಿಯಲ್ಲಿ ಈಗಾಗಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದಾದ್ದರಿಂದ ಅದನ್ನು ಕೆಲಸದಲ್ಲಿರುವಾಗಲೇ ಮಾಡಿಸಿಕೊಳ್ಳುವುದು ಒಳ್ಳೆಯದು. ಇನ್ನೊಂದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ಲೆಕ್ಕದಲ್ಲಿ ಸಿಗುವ ಇಡಿಗಂಟು. ಕಾಯಂ ನೌಕರನಿಗೆ ಐದು ವರ್ಷ ತುಂಬಿದ ಮೇಲೆ ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ವೇತನ (ಮೂಲವೇತನ ಮತ್ತು ತುಟ್ಟಿಭತ್ಯೆ), ದಿನದ ವೇತನವನ್ನು ತಿಂಗಳ 26ರಲ್ಲೊಂದು ಭಾಗ ಎಂದು ಹಿಡಿದು. ಆ ವೇತನ ತಿಂಗಳಿಗೆ 26,000 ಇದ್ದರೆ ವರ್ಷಕ್ಕೆ 15,000, ಐದು ವರ್ಷಕ್ಕೆ 75,000. ನಾಲ್ಕು ತಿಂಗಳು ಬಾಕಿ ಇರುವಾಗ ಕೋಪದಲ್ಲಿ ಪತ್ರ ಎಸೆದು ಬಂದ ನನ್ನ ಸಹೋದ್ಯೋಗಿಯೊಬ್ಬರು ಆ ಮೊತ್ತವನ್ನು ಈಗಲೂ ಮರೆತಿಲ್ಲ.

ನಿದ್ದೆ ವಾರಗಟ್ಟಲೆ ಬಾರದಿದ್ದರೆ, ಫೋನ್ ಸದ್ದಿಗೇ ಎದೆ ಬಡಿದುಕೊಂಡರೆ, ಬದುಕುವುದೇ ಬೇಡ ಎನಿಸಿದರೆ ಅದು ಬಜೆಟ್ಟಿನಿಂದ ಸರಿಹೋಗುವ ವಿಷಯವಲ್ಲ. ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಗಳಲ್ಲಿ ಮನೋವೈದ್ಯರನ್ನು ಕಾಣಬಹುದು. ದೇಹದ ಕಾಯಿಲೆಗೆ ವಿಮೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮಾ ಕಂಪನಿಗಳು ರಕ್ಷಣೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಖರ್ಚಿನ ಭಯಕ್ಕೆ ವೈದ್ಯರನ್ನು ಮುಂದೂಡುವುದೂ ಫ್ರಿಜ್ಜಿನ ಮೇಲೆ ಕೂತ ಆ ಲಕೋಟೆಯ ಜಾತಿಗೇ ಸೇರಿದ್ದು.

ಈಗ ನಮ್ಮ ಮನೆಯಲ್ಲಿ ತಿಂಗಳಿಗೊಂದು ಸಲ, ಹೆಂಡತಿಗೆ ಹಗಲು ಪಾಳಿ ಇರುವ ವಾರದ ಭಾನುವಾರ ಬೆಳಗ್ಗೆ, ತಿಂಡಿ ಆದ ಮೇಲೆ ಅರ್ಧ ಗಂಟೆ ಲೆಕ್ಕ. ಮೊದಲ ಕೆಲವು ತಿಂಗಳು ಅದು ಜಗಳದಲ್ಲಿ ಮುಗಿಯುತ್ತಿತ್ತು. ನಾನು ಕಚೇರಿಯ ದನಿಯಲ್ಲಿ "ಇದೇನು ಖರ್ಚು?" ಎಂದು ಕೇಳುತ್ತಿದ್ದೆ. "ನಾನು ನಿಮ್ಮ ಆಡಿಟ್ ಪಾರ್ಟಿ ಅಲ್ಲ" ಎಂದು ಅವಳು ಎದ್ದು ಹೋಗುತ್ತಿದ್ದಳು. ಆಮೇಲೆ ಒಬ್ಬರ ಖರ್ಚನ್ನು ಅವರವರೇ ಓದುವುದೆಂದು ಗೊತ್ತುಮಾಡಿಕೊಂಡೆವು. ರಾತ್ರಿ ಒಂಬತ್ತರ ನಂತರ ಹಣದ ಮಾತಿಲ್ಲ ಎಂಬುದು ಇನ್ನೊಂದು ಒಪ್ಪಂದ. ತಿಂಗಳಿಗೆ ಎರಡು ಸಲವಾದರೂ ಮುರಿಯುತ್ತದೆ.

ಕಾರ್ಡ್ ಇನ್ನೂ ಇದೆ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗುವುದು ಈಗಲೂ ಅಪರೂಪ. ಅಮ್ಮನ ಬೀಡಿ ನಿಂತು ವರ್ಷಗಳಾದವು. ಪಿಗ್ಮಿ ನಿಂತಿಲ್ಲ, ಪಿಂಚಣಿಯಿಂದ ದಿನಕ್ಕೆ 20 ರೂಪಾಯಿ. ಪುಸ್ತಕದ ಬದಲು ಕೈಯಂತ್ರವೊಂದು ಚೀಟಿ ಹರಿದು ಕೊಡುತ್ತದೆ. ನಾನು ಮನೆಗೆ ಬಂದು ಚಪ್ಪಲಿ ಬಿಡುವಾಗ ಅಮ್ಮ ಆ ಚೀಟಿಯನ್ನು ಮಡಚಿ ಡಬ್ಬಿಗೆ ಹಾಕುತ್ತ ಕೇಳುತ್ತಾರೆ: "ಇವತ್ತು ಬಸ್ಸಿನಲ್ಲಿ ಏನನ್ನಾದರೂ ಒತ್ತಿದೆಯಾ?"